ಆಷಾಢದ ಯುದ್ಧ

ಬೈಲಹೊಂಗಲದ ಚಲನಚಿತ್ರ ಇತಿಹಾಸವನ್ನು ಯಾರಾದರೂ ವಿದ್ವಾಂಸರು ಬರೆಯಲು ಹೊರಟರೆ ಅದು ಒಂದೂವರೆ ಪುಟಕ್ಕೆ ಮುಗಿಯುತ್ತದೆ. ಅದರಲ್ಲಿ ಪೂರ್ತಿ ಒಂದು ಪುಟ ಶೂಟಿಂಗ್ ಕಾಕಾ ಅವರಿಗೆ ಸಲ್ಲಬೇಕು. ಉಳಿದರ್ಧ ಪುಟದಲ್ಲಿ, ವಿದ್ವಾಂಸರು ಉದಾರಿಗಳಾಗಿದ್ದರೆ, ನನ್ನ ಹೆಸರೂ ಬರಬಹುದು. ಊರಿನ ಪ್ರಥಮ ಮತ್ತು ಈವರೆಗಿನ ಅಂತಿಮ ಯುದ್ಧಚಿತ್ರಕ್ಕೆ ಸಂಭಾಷಣೆ ಬರೆದವನು ನಾನು. ಆ ಸಂಭಾಷಣೆಯನ್ನು ಇದುವರೆಗೆ ಯಾರೂ ಕೇಳಿಲ್ಲ ಎಂಬುದು ಬೇರೆ ಮಾತು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಕಾಕಾ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಸ್ವಂತ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಊರಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಬಜಾರಿನಲ್ಲಿ ಅವರದೊಂದು ವಿಡಿಯೋ ಅಂಗಡಿ. ಹಿಂದಿನ ಒಂದು ಕೋಣೆಯೇ ಮನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರುಗಳ ನಡುವೆ ಎಲ್ಲಿ ಮದುವೆಯಾದರೂ ಅಕ್ಷತೆಯ ಹೊತ್ತಿಗೆ ಸರಿಯಾಗಿ ಕಾಕಾ ಮಂಟಪದಲ್ಲಿ ನಿಂತಿರುತ್ತಿದ್ದರು. ಆಗಿನ ಕ್ಯಾಮೆರಾ ಎಳೆಗರುವಿನಷ್ಟು ದೊಡ್ಡದು. ಅದನ್ನು ಹೊತ್ತು ಹೊತ್ತು ಅವರ ಬಲಭುಜ ತಗ್ಗಿಹೋಗಿತ್ತು; ಬರಿಗೈಯಲ್ಲಿ ಸಂತೆಗೆ ಹೋಗುವಾಗಲೂ ಒಂದು ಕಡೆ ವಾಲಿಯೇ ನಡೆಯುತ್ತಿದ್ದರು. ಇನ್ನು ಎಡಗಣ್ಣು. ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಎಡಗಣ್ಣು ಮುಚ್ಚುವ ಅಭ್ಯಾಸ ಮೈಗೂಡಿ, ಮಾತಾಡುವಾಗಲೂ ಅದು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಸವದತ್ತಿಯಲ್ಲಿ ಒಬ್ಬ ಗೃಹಿಣಿ ಇದನ್ನು ಅನ್ಯಥಾ ಭಾವಿಸಿ ದೊಡ್ಡ ಗದ್ದಲವೇ ಆಗಿತ್ತಂತೆ. ಕಾಕಾ ಅವಳ ಯಜಮಾನನಿಗೂ ಅದೇ ಕಣ್ಣು ಹೊಡೆದಾಗ ಪ್ರಕರಣ ಇತ್ಯರ್ಥವಾಯಿತು.

ಅವರ ಕಲೆಗೆ ಒಂದೇ ಸಿದ್ಧಾಂತ: ಯಾರನ್ನೂ ಬಿಡಬಾರದು. "ಮಾಸ್ತರ, ಮದುಮಗನ ಮಾರಿ ಒಂದ ಹೊತ್ತು ತಪ್ಪಿದರ ನಡೀತೈತ್ರಿ. ಸ್ವಾದರಮಾವನ ಮಾರಿ ತಪ್ಪೀತೋ, ಹತ್ತು ವರ್ಷ ಆ ಊರಾಗ ಕಾಲಿಡೂವಂಗಿಲ್ಲ" ಎನ್ನುತ್ತಿದ್ದರು. ಆದ್ದರಿಂದ ಅವರ ಕ್ಯಾಸೆಟ್ಟುಗಳಲ್ಲಿ ಊಟದ ಪಂಕ್ತಿಯ ಪ್ರತಿ ಎಲೆಯ ಮುಂದೆಯೂ ಕ್ಯಾಮೆರಾ ನಿಂತು, ಉಣ್ಣುವವನು ತುತ್ತು ನುಂಗಿ ನಗುವವರೆಗೆ ಕಾಯುತ್ತಿತ್ತು. ಒಂದು ಮದುವೆ ನೋಡಿ ಮುಗಿಸಲು ಮದುವೆಗಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು.

ಕಾಕಾನ ಹೆಂಡತಿ ಮದುವೆಯಾದ ಮೂರನೆಯ ವರ್ಷಕ್ಕೇ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಮಧ್ಯಾಹ್ನ ಖಾನಾವಳಿಯಿಂದ ಡಬ್ಬಿ ಬರುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಊಟದ ಬಿಡುವಿನಲ್ಲಿ ಒಮ್ಮೆ ಅವರ ಅಂಗಡಿಗೆ ಹೋದೆ. ಕಾಕಾ ನೆಲದ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದಾರೆ, ಎದುರಿಗೆ ಟಿ.ವಿ.ಯಲ್ಲಿ ಕಿತ್ತೂರಿನ ಯಾರದೋ ಮದುವೆಯ ಪಂಕ್ತಿ ನಡೆದಿದೆ. ಅಲ್ಲಿ ಯಾರೋ ಅನ್ನ ನೀಡುತ್ತಿದ್ದರೆ ಇಲ್ಲಿ ಇವರು ಡಬ್ಬಿಯ ಅನ್ನ ಬಿಚ್ಚುತ್ತಾರೆ. ಅಲ್ಲಿ ಮಜ್ಜಿಗೆ ಬಂದರೆ ಇಲ್ಲಿಯೂ ಮಜ್ಜಿಗೆ.

"ಇದೇನ್ರಿ ಕಾಕಾ?"

"ಪಂಕ್ತ್ಯಾಗ ಕುಂತಂಗ ಆಗತೈತ್ರಿ" ಎಂದರು, ನಾಚಿಕೆಯೇನೂ ಇಲ್ಲದೆ. "ಬರ್ರಿ, ಒಂದ ರೊಟ್ಟಿ ತಿನ್ರಿ. ಇನ್ನೂ ಬುಂದೇದ ಉಂಡಿ ಬರೂದೈತಿ." ಉಂಡಿ ಬಂತು, ಟಿ.ವಿ.ಯಲ್ಲಿ.

ಕಾಕಾನ ಅಂಗಡಿಗೆ ನೇರ ಎದುರು, ರಸ್ತೆಯ ಆಚೆ, ಟೇಲರ್ ಈರಪ್ಪನ ಅಂಗಡಿ. ಇಬ್ಬರೂ ಒಂದೇ ವರ್ಷ ಅಂಗಡಿ ತೆರೆದವರು, ಒಂದೇ ಹೋಟೆಲಿನ ಚಾ ಅರ್ಧರ್ಧ ಮಾಡಿ ಕುಡಿದವರು. ಈರಪ್ಪನ ತಂಗಿಯ ಮದುವೆಯನ್ನು ಕಾಕಾ ಮೂರು ಕ್ಯಾಸೆಟ್ಟು ತೆಗೆದರು. ಅದು ತೊಂಬತ್ತನೇ ಇಸವಿ ಇರಬೇಕು. ಈರಪ್ಪನ ಅವ್ವನಿಗೆ ಫೋಟೋ ಎಂದರೆ ಆಗದು; ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆ ಎಳೆದುಕೊಳ್ಳುವವಳು. ಅವತ್ತು ಮಾತ್ರ, ಊಟದ ಪಂಕ್ತಿಯಲ್ಲಿ, ಮುದುಕಿ ಕ್ಯಾಮೆರಾ ಎದುರು ನಿಂತು ನಕ್ಕು ಏನೋ ಮಾತಾಡಿದಳಂತೆ. ಅದನ್ನು ಕೇಳಿದವರು ಕಾಕಾ ಒಬ್ಬರೇ. ಮೂರು ವಾರಕ್ಕೆ ಮುದುಕಿ ತೀರಿಕೊಂಡಳು.

ದಿನಕರ್ಮಗಳು ಮುಗಿದ ಮೇಲೆ ಈರಪ್ಪ ರಸ್ತೆ ದಾಟಿ ಬಂದು, "ಅವ್ವನ್ನ ಹಚ್ಚೋ" ಎಂದ. ಕಾಕಾ ಮೂರನೆಯ ಕ್ಯಾಸೆಟ್ಟು ಹಚ್ಚಿದರು. ಟಿ.ವಿ.ಯಲ್ಲಿ ಒಂದು ಆಕಳು ಬಂತು. ಹಣೆಗೆ ಕುಂಕುಮ, ಕೊರಳಿಗೆ ಹಾರ. ರಾಮದುರ್ಗದ ಯಾರದೋ ಗೃಹಪ್ರವೇಶದ ಆಕಳು. ಅದು ಹೊಸ ಮನೆಯ ಹೊಸ್ತಿಲು ದಾಟಲು ಒಲ್ಲೆ ಎನ್ನುತ್ತಿದೆ, ನಾಲ್ಕು ಜನ ಹಿಂದಿನಿಂದ ನೂಕುತ್ತಿದ್ದಾರೆ.

ಏನಾಗಿತ್ತೆಂದರೆ, ವಿಡಿಯೋ ಕ್ಯಾಸೆಟ್ಟಿನ ಬೆನ್ನಿಗೆ ಪ್ಲಾಸ್ಟಿಕ್ಕಿನ ಒಂದು ಸಣ್ಣ ಹಲ್ಲು ಇರುತ್ತದೆ. ಅದನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೊಂದನ್ನು ತೆಗೆಯಲು ಬರುವುದಿಲ್ಲ. ಕಾಕಾ ಎಂದೂ ಹಲ್ಲು ಮುರಿದವರಲ್ಲ, ಕ್ಯಾಸೆಟ್ಟು ಮತ್ತೊಂದು ಮದುವೆಗೆ ಬರಲಿ ಎಂದು. ಮೇಲಿನ ಚೀಟಿಯನ್ನೂ ಪೆನ್ಸಿಲಿನಲ್ಲೇ ಬರೆಯುತ್ತಿದ್ದರು. ರಾಮದುರ್ಗಕ್ಕೆ ಅವಸರದಲ್ಲಿ ಬಸ್ಸು ಹಿಡಿದ ದಿನ ಚೀಲಕ್ಕೆ ಕೈಹಾಕಿ ಸಿಕ್ಕದ್ದನ್ನು ಒಯ್ದಿದ್ದರು; ಈರಪ್ಪನಿಗೆ ಅದರ ಪ್ರತಿಯನ್ನು ಇನ್ನೂ ಮಾಡಿಕೊಟ್ಟಿರಲಿಲ್ಲ.

ಈರಪ್ಪ ಎದ್ದು ಹೋಗಲಿಲ್ಲ. ಆಕಳು ಪೂರ್ತಿ ಒಳಗೆ ಹೋಗುವವರೆಗೆ ನೋಡಿದ. ಆಮೇಲೆ ಎದ್ದು, ಚಪ್ಪಲಿ ಮೆಟ್ಟಿ, ರಸ್ತೆ ದಾಟಿ, ತನ್ನ ಮಷೀನಿಗೆ ಕೂತ. ಅಷ್ಟೇ. ಒಂದು ಬೈಗುಳವಿಲ್ಲ. ಕಾಕಾ ಅವತ್ತೇ ಅಂಗಡಿಯಲ್ಲಿದ್ದ ಕ್ಯಾಸೆಟ್ಟುಗಳೆಲ್ಲವನ್ನೂ ನೆಲಕ್ಕೆ ಸುರಿದುಕೊಂಡು ಸ್ಕ್ರೂಡ್ರೈವರಿನಿಂದ ಒಂದೊಂದರ ಹಲ್ಲನ್ನೂ ಮುರಿದರು. ಖಾಲಿ ಇದ್ದವುಗಳದ್ದೂ ಬಿಡಲಿಲ್ಲ.

ಆಮೇಲೆ ಒಂಬತ್ತು ವರ್ಷ ಈರಪ್ಪ ಅವರೊಡನೆ ಮಾತಾಡಲಿಲ್ಲ. ಬೇರೆ ಬೇರೆ ಊರಲ್ಲಿದ್ದು ಮಾತು ಬಿಡುವುದು ಯಾರಿಗೂ ಸಾಧ್ಯ. ಇವರು ಬೆಳಗಿನಿಂದ ಸಂಜೆಯವರೆಗೆ, ನಡುವೆ ಒಂದು ರಸ್ತೆಯನ್ನಷ್ಟೇ ಇಟ್ಟುಕೊಂಡು, ಎದುರುಬದುರು ಕೂತು ಆ ವ್ರತವನ್ನು ಪಾಲಿಸಿದರು. ವ್ರತ ಈರಪ್ಪನದು. ಕಾಕಾ ಮೊದಮೊದಲು ಎದುರಿಗೆ ನಿಂತು ಕರೆದರು, ಜನರನ್ನು ಕಳಿಸಿದರು, ಒಮ್ಮೆ ಬೇಕಂತಲೇ ಅಂಗಿ ಹರಿದುಕೊಂಡು ಹೊಲಿಸಲು ಹೋದರು. ಈರಪ್ಪ ಅಂಗಿ ಹೊಲಿದು ಬಾಜೂ ಅಂಗಡಿಯವನ ಕೈಯಲ್ಲಿ ಕೊಟ್ಟು ಕಳಿಸಿದ. ಹೊಲಿಗೆ ಅಚ್ಚುಕಟ್ಟಾಗಿತ್ತು.

ತೊಂಬತ್ತೊಂಬತ್ತರ ಜೂನಿನಲ್ಲಿ ಕಾಕಾ ನನ್ನ ಮನೆಗೆ ಬಂದು, ಕುರ್ಚಿಯ ತುದಿಗೆ ಕೂತು, ಎಡಗಣ್ಣು ಮುಚ್ಚಿ, "ಮಾಸ್ತರ, ಒಂದು ಪಿಚ್ಚರ್ ತಗೀಬೇಕಂತೇನಿ" ಎಂದರು.

"ಯಾರ ಮದವಿದು?"

"ಮದವಿ ಅಲ್ರಿ. ಯುದ್ಧದ್ದು."

ನಾನು ಕೇಳಿಸಿಕೊಂಡದ್ದು ಸರಿಯೇ ಎಂದು ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಅವರು ಕಥೆಗೆ ಇಳಿದಿದ್ದರು. "ಎರಡು ದೇಶ. ಇಬ್ರು ಸಿಪಾಯಿಗೋಳು. ಒಬ್ಬಾಂವ ಇನ್ನೊಬ್ಬನ ಮನಿಗೆ ಬೆಂಕಿ ಹಚ್ಯಾನ. ಬೇಕಂತ ಹಚ್ಚಿಲ್ರಿ, ತಿಳೀದ ಹಚ್ಯಾನ. ಯುದ್ಧ ಮುಗೀತೈತಿ. ಇಪ್ಪತ್ತು ವರ್ಷಕ್ಕ ಇಬ್ರೂ ಅದ ಜಾಗಾದಾಗ ಸಿಗತಾರ. ಇವಾ ಮಾತಾಡಸತಾನ."

"ಅವಾ ಏನಂತಾನ?"

"ಅದೊಂದ ನೋಡ್ರಿ ತಿಳೀವಲ್ದು. ಅದಕ್ಕ ನಿಮ್ಮ ಕಡಿ ಬಂದೇನಿ. ನೀವು ಬರದ ಕೊಟ್ರ ಅವಾ ಅಂತಾನ."

ಅವನು ಯಾರೆಂದು ನಾನು ಕೇಳಲಿಲ್ಲ. ಕನ್ನಡ ಮಾಸ್ತರನಾದವನಿಗೆ ಅಷ್ಟು ರೂಪಕ ಅರ್ಥವಾಗದಿದ್ದರೆ ಹೇಗೆ? ಬರೆದುಕೊಟ್ಟೆ. ನಲವತ್ತು ಪುಟ. "ಎಲೈ ಮಿತ್ರನೇ, ನಮ್ಮೀರ್ವರ ನಡುವಣ ವೈರವೆಂಬ ಕಾರ್ಗತ್ತಲೆಯು..." ಎಂದು ಮೊದಲಾಗುವ ಕೊನೆಯ ದೃಶ್ಯದ ಮಾತು ಒಂದೇ ಮೂರು ಪುಟವಿತ್ತು. ಓದಿದಾಗ ನನಗೇ ಕಣ್ಣೀರು ಬಂತು. ಕಾಕಾ ಕೇಳಿ, "ಭಾರೀ ಆಗೇತ್ರಿ" ಎಂದರು. ಆ ಮಾತಿನ ಅರ್ಥವನ್ನು ನಾನು ಆಗ ಪ್ರಶಂಸೆ ಎಂದೇ ತೆಗೆದುಕೊಂಡೆ.

ಶೂಟಿಂಗಿಗೆ ಮುಹೂರ್ತ ತಾನಾಗಿ ನಿಶ್ಚಯವಾಯಿತು. ವರ್ಷಕ್ಕೆ ಒಂದೇ ತಿಂಗಳು ಕಾಕಾನಿಗೆ ಬಿಡುವು: ಆಷಾಢ. ಆ ತಿಂಗಳು ಯಾರೂ ಮದುವೆ ಮಾಡುವುದಿಲ್ಲ. ಉಳಿದವರಿಗೆ ಅದು ಅಶುಭ ಮಾಸ. ಕಾಕಾನಿಗೆ ಅದು ಒಬ್ಬರೇ ಕೂತು ಡಬ್ಬಿ ಬಿಚ್ಚುವ ಮಾಸ. "ಆಷಾಢದಾಗ ಹಗಲು ದೊಡ್ಡದಿರತೈತ್ರಿ" ಎನ್ನುತ್ತಿದ್ದರು. ಪಂಚಾಂಗದಲ್ಲಿ ಅದಕ್ಕೆ ಆಧಾರವಿದೆಯೋ ಇಲ್ಲವೋ ನಾನು ನೋಡಲು ಹೋಗಿಲ್ಲ.

ಅದೇ ವರ್ಷ ಟಿ.ವಿ.ಯಲ್ಲಿ ದಿನಾ ಗಡಿಯ ಸುದ್ದಿ. ಹೋಟೆಲಿನಲ್ಲಿ ಒಬ್ಬ ತರುಣ ಕಾಕಾನನ್ನು ಅಡ್ಡಗಟ್ಟಿ, "ಶತ್ರು ಕಡ್ಯಾಂವನ್ನ ಛಲೋ ಮನಷ್ಯಾ ಮಾಡಾಕ ಹತ್ತೀರಂತಲ್ಲ, ನೀವು ಯಾರ ಕಡ್ಯಾಂವ್ರಿ?" ಎಂದು ಕೇಳಿದ.

"ತಮ್ಮಾ, ಮದವ್ಯಾಗ ನಾ ಗಂಡಿನ ಕಡ್ಯಾಂವೂ ಅಲ್ಲ, ಹೆಣ್ಣಿನ ಕಡ್ಯಾಂವೂ ಅಲ್ಲ. ನಡುವ ನಿಂತ ತಗೀತೇನಿ. ನಡುವ ನಿಂತ್ರ ಎರಡೂ ಕಡಿ ಮಾರಿ ಕಾಣತಾವು."

ತರುಣ ಒಪ್ಪಲಿಲ್ಲ. ಆದರೆ ಸೈನ್ಯದಲ್ಲಿ ಜನ ಕಡಿಮೆ ಇದ್ದಾರೆಂದು ತಿಳಿದು ಮರುದಿನ ತಾನೇ ಬಂದು ಭರ್ತಿಯಾದ. ಶತ್ರು ಕಡೆಗೆ.

ನಾಟಕದ ಸಾಮಾನು ಬಾಡಿಗೆ ಕೊಡುವವನ ಹತ್ತಿರ ಇದ್ದದ್ದು ರಾಜರ ಬಟ್ಟೆ ಮತ್ತು ಪೊಲೀಸರ ಬಟ್ಟೆ, ಎರಡೇ. ಆದ್ದರಿಂದ ಒಂದು ದೇಶದ ಸೈನ್ಯ ಪೊಲೀಸರ ವೇಷದಲ್ಲಿ ಹೋರಾಡುವುದೆಂದಾಯಿತು. ಇನ್ನೊಂದು ದೇಶಕ್ಕೆ ಹೊಸದಾಗಿ ಹೊಲಿಸಬೇಕು. ಹಸಿರು ಬಟ್ಟೆಯ ಗಂಟನ್ನೂ ಅಳತೆಯ ಚೀಟಿಗಳನ್ನೂ ನನ್ನ ಕೈಗೆ ಕೊಟ್ಟು, ಕಾಕಾ ಎದುರಿನ ಅಂಗಡಿಯ ಕಡೆ ಗದ್ದ ಎತ್ತಿ ತೋರಿಸಿದರು.

ಈರಪ್ಪ ಮಷೀನಿನಿಂದ ತಲೆ ಎತ್ತದೆ, "ಯಾರದು?" ಎಂದ.

"ಶೂಟಿಂಗ್..." ಎಂದೆ.

ಕಾಲು ನಿಂತಿತು. ಆಮೇಲೆ ಮತ್ತೆ ತುಳಿಯತೊಡಗಿತು. "ಅರಬಿ ಜೋಡಿ ನಂದೇನ ಜಗಳಿಲ್ಲ. ಇಟ್ಟ ಹೋಗ್ರಿ" ಎಂದ, ಬಟ್ಟೆಯ ಗಂಟಿನ ಕಡೆ ಕೈಮಾಡಿ.

ನಾಲ್ಕನೆಯ ದಿನ ಶಾಲೆಗೆ ಹೋಗುತ್ತಿದ್ದವನನ್ನು ಈರಪ್ಪ ಕೈಮಾಡಿ ಕರೆದ. ಐದು ಜೊತೆ ಹೊಲಿದು ಇಟ್ಟಿದ್ದ. ಆರನೆಯ ಚೀಟಿ ಕೈಯಲ್ಲಿತ್ತು. ಅದರ ಮೇಲೆ 'ಶತ್ರು ಕಪ್ತಾನ' ಎಂದಿತ್ತು.

"ಈ ಕಪ್ತಾನ ಯಾರ್ರಿ, ಮಾಸ್ತರ?"

"ಇನ್ನೂ ಗಟ್ಟಿ ಆಗಿಲ್ಲಂತ."

"ಆಗೇತಿ" ಎಂದ ಈರಪ್ಪ. "ಇದು ನನ್ನ ಅಳತಿ. ತಂಗಿ ಮದವಿಗೆ ನಾ ಒಂದು ಕೋಟು ಹೊಲಕೊಂಡಿದ್ನಿ. ಟೇಲರ್ ಆದಾಂವಗ ತನ್ನ ಅಳತಿ ತಾ ತಗೊಳ್ಳಾಕ ಬರೂದಿಲ್ರಿ, ಬೆನ್ನ ಹಿಂದ ಟೇಪು ಹಿಡಿಯಾಕ ಒಬ್ರು ಬೇಕು. ಅವತ್ತ ಇಂವ ಹಿಡದಿದ್ದ." ಚೀಟಿಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದ. "ಎದಿ, ತೋಳು, ಬೆನ್ನು, ಎಲ್ಲಾ ನೆಪ್ಪಿಟ್ಟಾನ."

ಈರಪ್ಪ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತ ಹೋದ. ನಡುವಿನ ಹತ್ತಿರ ಕೈ ನಿಂತಿತು. "ಒಂಬತ್ತು ವರ್ಷದಾಗ ನಡುವ ಎರಡಿಂಚು ಹೆಚ್ಚಾಗೇತಿ ಅಂತ ಅವಗ ಹೇಳಬ್ಯಾಡ್ರಿ" ಎಂದ. ಎರಡಿಂಚು ಬಿಟ್ಟು ಕತ್ತರಿ ಹಾಕಿದ. ಒಪ್ಪಿಗೆ ಸಿಕ್ಕಿತೆಂದು ನಾನು ತಿಳಿದುಕೊಂಡದ್ದು ಹೀಗೆ.

ಮುನವಳ್ಳಿಯ ಬಳಿ ಜಲಾಶಯದ ನೀರು ಹಿಂದೆ ಸರಿದು, ಕಣ್ಣು ಹಾಯುವಷ್ಟು ದೂರ ಬಿರಿದ ಕೆಸರುನೆಲ ಬಿದ್ದಿತ್ತು. ಅದೇ ರಣರಂಗ. ಟೆಂಪೋ ಒಂದರಲ್ಲಿ ಎರಡೂ ದೇಶದ ಸೈನ್ಯಗಳು ಒಬ್ಬರ ತೊಡೆಯ ಮೇಲೊಬ್ಬರು ಕೂತು ಬಂದು ಇಳಿದವು. ಕಥಾನಾಯಕ ಕಿತ್ತೂರಿನ ಒಬ್ಬ ಬಸ್ ಕಂಡಕ್ಟರ್. ಭರ್ಜರಿ ಮೀಸೆಯ ಆಳು. ಆತ ಆಜ್ಞೆ ಕೊಟ್ಟರೆ ಸೈನ್ಯ ಮುಂದೆ ನುಗ್ಗುವ ಬದಲು ಚಿಲ್ಲರೆ ಹುಡುಕುವಂತಿತ್ತು.

ಕಾಕಾ ನಿರ್ದೇಶಕರಾಗಿ ಮೊದಲ ಆಜ್ಞೆ ಕೂಗಿದರು. "ಹೆಣ್ಣಿನ ಕಡ್ಯಾವ್ರು ಸ್ವಲ್ಪ ಹಿಂದ ಸರೀರಿ!"

ಎರಡೂ ಸೈನ್ಯಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ತಾವು ಹೆಣ್ಣಿನ ಕಡೆಯವರೆಂದು ಒಪ್ಪಿಕೊಳ್ಳಲು ಯಾರೂ ಸಿದ್ಧರಿರಲಿಲ್ಲ. ಯುದ್ಧಕ್ಕೆ ನಿಜವಾದ ಕಾರಣ ಅಲ್ಲಿಯವರೆಗೆ ಇರಲಿಲ್ಲ, ಈಗ ಸಿಕ್ಕಿತು. ಮುಂದಿನ ಹತ್ತು ನಿಮಿಷದ ಹೊಡೆದಾಟ ಬಹಳ ನೈಜವಾಗಿ ಬಂದಿದೆ.

ಸಾಯುವ ದೃಶ್ಯಗಳಲ್ಲಿ, ಯಾರನ್ನೂ ಬಿಡಬಾರದೆಂಬ ಕಾಕಾನ ಸಿದ್ಧಾಂತ ಅಡ್ಡ ಬಂತು. ಬಿದ್ದ ಪ್ರತಿಯೊಬ್ಬನ ಮುಂದೆಯೂ ಕ್ಯಾಮೆರಾ ನಿಂತು, "ಈ ಕಡಿ ನೋಡ್ರಿ, ಸ್ವಲ್ಪ ನಗ್ರಿ" ಎಂದು ಬಾಯಿ ಅಭ್ಯಾಸಬಲದಿಂದ ಹೇಳಿಬಿಡುತ್ತಿತ್ತು. ನಮ್ಮ ಚಿತ್ರದಲ್ಲಿ ಹುತಾತ್ಮರಾದ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ನಗುತ್ತ ಸತ್ತಿದ್ದಾರೆ.

ಇಷ್ಟರಲ್ಲಿ ಈರಪ್ಪ ಒಂದು ಮಾತನ್ನೂ ನೇರವಾಗಿ ಕಾಕಾನಿಗೆ ಹೇಳಲಿಲ್ಲ. "ಮಾಸ್ತರ, ನಾ ಎಲ್ಲಿ ನಿಂದರಬೇಕಂತ ಕೇಳ್ರಿ" ಎನ್ನುವನು. ಮೂರು ಮಾರು ದೂರದಲ್ಲಿ ನಿಂತ ಕಾಕಾ, "ಆ ಜಾಲಿಗಿಡದ ಬಾಜೂಕಂತ ಹೇಳ್ರಿ" ಎನ್ನುವರು. ನಾನು ಸಂಭಾಷಣೆಕಾರನಾಗಿ ಹೋದವನು ಅಕ್ಷರಶಃ ಆ ಕೆಲಸವನ್ನೇ ಮಾಡಿದೆ. ಆದರೆ ಕ್ಯಾಮೆರಾದ ಮುಂದೆ ಕಪ್ತಾನನಾಗಿ ನಿಂತಾಗ ಈರಪ್ಪ ನನ್ನ ಮಾತುಗಳನ್ನು ಗಟ್ಟಿಯಾಗಿ, ಪಾಠ ಒಪ್ಪಿಸಿದಂತೆ ಹೇಳುತ್ತಿದ್ದ. ಆ ಹೊತ್ತು ಕಾಕಾನ ಮುಖ ಕ್ಯಾಮೆರಾದ ಹಿಂದೆ ಇರುತ್ತಿದ್ದುದರಿಂದ ಅದರ ಮೇಲೆ ಏನು ನಡೆಯುತ್ತಿತ್ತೋ ನನಗೆ ಕಾಣಲಿಲ್ಲ.

ಕೊನೆಯ ದಿನ, ಕೊನೆಯ ದೃಶ್ಯ. ಇಪ್ಪತ್ತು ವರ್ಷಗಳ ನಂತರ ಇಬ್ಬರು ವೈರಿಗಳು ಸಂಧಿಸಬೇಕು. ಕಂಡಕ್ಟರ್ ಬಂದಿರಲಿಲ್ಲ. ರಜೆ ಸಿಗಲಿಲ್ಲವಂತೆ ಎಂದರು ಕಾಕಾ. ಅವರ ಚೀಲದಲ್ಲಿ ಪೊಲೀಸ್ ಅಂಗಿ ಟೋಪಿ ಮಡಚಿ ಸಿದ್ಧವಾಗಿತ್ತು.

"ಅಲ್ರಿ ಕಾಕಾ, ಇಷ್ಟೊತ್ತನಕ ಕಂಡಕ್ಟರ್ ಇದ್ದ, ಈಗ ನೀವು ಬಂದ್ರ ನೋಡಾವ್ರು ಏನಂತಾರ?"

"ಇಪ್ಪತ್ತು ವರ್ಷ ಆದ ಮ್ಯಾಲೆ ಮಾರಿ ಬದಲಾಗೂದಿಲ್ಲೇನ್ರಿ?" ಎಂದರು ಕಾಕಾ. (ಕೆಲವು ತಿಂಗಳ ಮೇಲೆ ಬಸ್ಸಿನಲ್ಲಿ ಕಂಡಕ್ಟರ್ ಸಿಕ್ಕಾಗ ಕೇಳಿದೆ. "ನನಗ ಬಾ ಅಂತ ಕರೀಲೇ ಇಲ್ರಿ" ಎಂದು ಟಿಕೀಟು ಹರಿದುಕೊಟ್ಟ.)

ಕ್ಯಾಮೆರಾ ನನ್ನ ಹೆಗಲಿಗೆ ಬಂತು. "ಈ ಕೆಂಪು ಗುಂಡಿ ಒಮ್ಮಿ ಒತ್ರಿ. ಆಮ್ಯಾಲೆ ಏನೂ ಮುಟ್ಟಬ್ಯಾಡ್ರಿ. ನಾ ಹೇಳೂಮಟಾ ಹಂಗ ಹಿಡೀರಿ" ಎಂದು ಕಾಕಾ ಹೋಗಿ ಈರಪ್ಪನ ಎದುರು ನಿಂತರು.

ಗಾಳಿ ಎಂದರೆ ಅಂಥ ಗಾಳಿ. ಸೈನಿಕರೆಲ್ಲ ಟೆಂಪೋದ ಮರೆಗೆ ಹೋಗಿ ಕೂತಿದ್ದರು. ಆ ಬಯಲಿನಲ್ಲಿ ಹಸಿರು ಅಂಗಿಯ ಒಬ್ಬ, ಖಾಕಿ ಅಂಗಿಯ ಒಬ್ಬ, ನಾಲ್ಕು ಹೆಜ್ಜೆ ದೂರದಲ್ಲಿ ನಾನು. ಕೆಂಪು ಗುಂಡಿ ಒತ್ತಿದೆ. ಈರಪ್ಪ "ಎಲೈ ಮಿತ್ರನೇ" ಎಂದು ಆರಂಭಿಸಬೇಕು. ಆರಂಭಿಸಲಿಲ್ಲ. ಮರೆತನೆಂದು ನಾನು ಮೆಲ್ಲಗೆ "ಎಲೈ..." ಎಂದೆ. ಅವನು ನನ್ನ ಕಡೆ ನೋಡಲಿಲ್ಲ.

"ಅವ್ವ ಏನಂದ್ಲು?" ಎಂದ.

ಕಾಕಾ ಅಲುಗಾಡಲಿಲ್ಲ.

"ಅವತ್ತ ಪಂಕ್ತ್ಯಾಗ. ನೀ ಅಳಸಿದ್ಯಲ್ಲ, ಅದರಾಗ. ಏನಂದ್ಲು?"

ಕಾಕಾ ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ನನ್ನ ಯಾಕ ತಗೀತಿಯೋ, ನನ್ನ ಮಗನ್ನ ತಗಿ ಅಂದ್ಲು. ಸಣ್ಣಾಂವ ಇದ್ದಾಗಿಂದ ತಲಿ ಬಗ್ಗಿಸಿ ಹೊಲಕೋತ ಕುಂತಾನ, ಅವನ ಮಾರಿ ನಾ ನೆಟ್ಟಗ ನೋಡೇ ಇಲ್ಲ. ಅವನ್ನ ತಗಿ, ಆಮ್ಯಾಲೆ ಟಿ.ವಿ.ಯಾಗ ಹಚ್ಚು, ಕುಂತ ನೋಡತೇನಿ ಅಂದ್ಲು."

"ತಗದಿ?"

"ತಗದ್ನಿ. ನಿನ್ನ ಕಡಿ ತಿರಿಗಿಸಿದ್ನಿ." ಕಾಕಾನ ದನಿ ಗಾಳಿಯಲ್ಲಿ ಹಾರಿಹೋಗುವಂತಿತ್ತು. "ನೀ ಬಗ್ಗಿ ಬುಂದೆ ನೀಡಾಕ ಹತ್ತಿದ್ದಿ. ತಲಿ ಎತ್ತಲಿಲ್ಲ."

ನಾನು ಬರೆದ ಪ್ರಕಾರ ಆ ಹೊತ್ತಿಗೆ ಇಬ್ಬರೂ ಆಲಿಂಗಿಸಿಕೊಂಡು ಕಣ್ಣೀರು ಸುರಿಸಬೇಕಾಗಿತ್ತು. ಈರಪ್ಪ ಹಸಿರು ಅಂಗಿಯ ಗುಂಡಿ ಬಿಚ್ಚುತ್ತ ಟೆಂಪೋದ ಕಡೆ ನಡೆದುಹೋದ. ಕಾಕಾ ಅಲ್ಲೇ ನಿಂತರು. ನನಗೆ ಯಾರೂ ಸಾಕು ಎಂದು ಹೇಳಲಿಲ್ಲ. ಏನನ್ನೂ ಮುಟ್ಟಬೇಡ ಎಂಬ ಆಜ್ಞೆಯಿತ್ತು. ಹೀಗಾಗಿ ಟೋಪಿ ಕೈಯಲ್ಲಿ ಹಿಡಿದ ಒಬ್ಬ ಮುದಿ ಪೊಲೀಸ್ ಬರಿಯ ಕೆಸರುಬಯಲಿನಲ್ಲಿ ನಾಲ್ಕು ನಿಮಿಷ ಸುಮ್ಮನೆ ನಿಂತದ್ದು ಕ್ಯಾಸೆಟ್ಟಿನಲ್ಲಿ ದಾಖಲಾಯಿತು. ಹೆಗಲು ನೋಯುತ್ತಿತ್ತು. ಅವರ ಭುಜ ಯಾಕೆ ತಗ್ಗಿದೆಯೆಂದು ಆಗ ಗೊತ್ತಾಯಿತು.

ಕ್ಯಾಸೆಟ್ಟು ಹಚ್ಚಿ ನೋಡಿದರೆ ಮಾತು ಯಾವುದೂ ಇಲ್ಲ, ಆದಿಯಿಂದ ಅಂತ್ಯದವರೆಗೆ ಬರೀ ಗಾಳಿ. ನನ್ನ ನಲವತ್ತು ಪುಟಗಳನ್ನು ಆಷಾಢದ ಗಾಳಿ ಸಮಗ್ರವಾಗಿ ಒಯ್ದಿತ್ತು. ಕಾಕಾ ಧೃತಿಗೆಡಲಿಲ್ಲ. ಮದುವೆ ಕ್ಯಾಸೆಟ್ಟಿಗೆ ಹಾಕುವ ಶಹನಾಯಿಯನ್ನೇ ಯುದ್ಧದುದ್ದಕ್ಕೂ ಹಾಕಿದರು. ಕೊನೆಯ ದೃಶ್ಯಕ್ಕೆ ಮಾತ್ರ ಏನನ್ನೂ ಹಾಕಲಿಲ್ಲ. "ಅಲ್ಲಿ ಗಾಳಿ ಇರಲ್ರಿ" ಎಂದರು. ಚಿತ್ರಕ್ಕೆ ಹೆಸರು ಹೊಳೆಯದೆ, ಮದುವೆಯ ಪದ್ಧತಿಯಂತೆ ಚೀಟಿಯ ಮೇಲೆ 'ಯುದ್ಧ, ಭಾಗ ಒಂದು' ಎಂದು ಬರೆದರು. ಈ ಸಲ ಪೆನ್ನಿನಲ್ಲಿ.

ಒಂದು ಭಾನುವಾರ ಮಧ್ಯಾಹ್ನ ಊರಿನ ಕೇಬಲ್ಲಿನವರು ಅದನ್ನು ಹಾಕಿದರು. ಕಾಕಾ ತಮ್ಮ ಅಂಗಡಿಯ ಟಿ.ವಿ.ಯನ್ನು ಎತ್ತಿ ರಸ್ತೆಯ ಕಡೆ ಮುಖ ಮಾಡಿ ಇಟ್ಟರು. ಎದುರಿಗೆ ಮಷೀನು ನಡೆಯುತ್ತಲೇ ಇತ್ತು. ಜನ ಹುತಾತ್ಮರ ನಗುವಿಗೆ ತಾವೂ ನಕ್ಕರು, ಶಹನಾಯಿ ಕೇಳಿ ಊಟ ಯಾವಾಗ ಎಂದು ಕೇಳಿದರು. ಕೊನೆಯ ದೃಶ್ಯ ಬಂತು. ಶಹನಾಯಿ ನಿಂತು ಬರೀ ಭರ್ರೆನ್ನುವ ಸದ್ದು ಬಂದದ್ದೇ ಟಿ.ವಿ. ಕೆಟ್ಟಿತೆಂದು ಅರ್ಧ ಊರು ಎದ್ದು ಅದರ ನೆತ್ತಿ ಬಡಿಯಿತು. ಕೊನೆಗೆ ಒಬ್ಬನೇ ನಿಂತ ಪೊಲೀಸನನ್ನು ನೋಡಿ ನನ್ನ ಸಹೋದ್ಯೋಗಿ ಗಣಿತದ ಮಾಸ್ತರರು, "ಮುಂದೇನಾತ್ರಿ? ನಿಮಗ ಮುಗಸಾಕ ಬರಲಿಲ್ಲೇನು?" ಎಂದರು. ಬರಲಿಲ್ಲ ಎಂದು ಒಪ್ಪಿಕೊಂಡೆ. ಎದುರಿನ ಅಂಗಡಿಯಲ್ಲಿ ಮಷೀನು ಯಾವಾಗ ನಿಂತಿತ್ತೋ ಯಾರೂ ಗಮನಿಸಿರಲಿಲ್ಲ.

ಆ ವಾರವೇ, ನಾಲ್ಕು ಗಂಟೆಯ ಹೊತ್ತಿಗೆ, ಈರಪ್ಪ ರಸ್ತೆ ದಾಟಿ ಬಂದು ಕಾಕಾನ ಅಂಗಡಿಯ ಬೆಂಚಿನ ಮೇಲೆ ಕೂತ. ಕಾಕಾ ಚಾ ತರಿಸಿದರು. ಕುಡಿದು ಎದ್ದು ಹೋದ. ಮರುದಿನವೂ ಬಂದ. ಐದು ವರ್ಷ ಹೀಗೆಯೇ ನಡೆಯಿತು. ನಾನು ಎಷ್ಟೋ ಸಲ ಅಲ್ಲಿ ಇದ್ದೇನೆ.

"ಮಳಿ ಬರೂವಂಗೈತಿ."

"ಹೂಂ."

ಚಾ.

"ಮುರಗೋಡದ ಕಡಿ ಆತಂತ."

"ಆಗಿರಬೇಕು."

ಅವರ ಮಹಾಸಂಧಾನದ ಪೂರ್ಣಪಾಠ ಇದು. ಒಮ್ಮೆ ಈರಪ್ಪ ಹೋದ ಮೇಲೆ ಕಾಕಾನಿಗೆ ಕೇಳಿದೆ: "ಇಷ್ಟು ದಿನಕ್ಕ ಕೂಡೀರಿ, ಏನಾರ ಮಾತಾಡಬಾರದೇನ್ರಿ?"

"ಇಬ್ರಿಗೂ ರೂಢಿ ತಪ್ಪೇತ್ರಿ, ಮಾಸ್ತರ. ಒಂಬತ್ತು ವರ್ಷದ ಮಾತು ಎಲ್ಲಿಂದ ಸುರು ಮಾಡೂದು?" ಎಂದರು. "ಬರತಾನ. ಕುಂಡರತಾನ. ಏನೋ ಕೇಳೂವಂಗ ಬಾಯಿ ತಗೀತಾನ. ಮತ್ತ ಚಾ ಕುಡೀತಾನ." ಆಮೇಲೆ ತಮ್ಮಷ್ಟಕ್ಕೇ ಎಂಬಂತೆ, "ನಾನೂ ಕೇಳಂತ ಅನ್ನೂದಿಲ್ಲ" ಎಂದರು.

ಸೀಡಿಗಳು ಬಂದವು, ಅಂಗೈಯಗಲದ ಕ್ಯಾಮೆರಾಗಳು ಬಂದವು. ಬೆಳಗಾವಿಯಿಂದ ಬಂದ ಹೊಸಬರು ಪಂಕ್ತಿಯ ಊಟವನ್ನು ಎರಡು ನಿಮಿಷದಲ್ಲಿ ಮುಗಿಸತೊಡಗಿದರು. ಕಾಕಾನಿಗೆ ಎಲ್ಲಾ ತಿಂಗಳೂ ಆಷಾಢವಾಯಿತು. ಎರಡು ದಿನ ಜ್ವರದಲ್ಲಿ ಮಲಗಿ ಮೂರನೆಯ ದಿನ ಹೋದರು. ಬಂಧುಗಳೆಂದು ಯಾರೂ ಬರಲಿಲ್ಲ. ನೀರು ಹಾಕಿಸುವುದರಿಂದ ಹಿಡಿದು ಮಣ್ಣು ಕೊಡುವವರೆಗೆ ಈರಪ್ಪನೇ ನಿಂತು ಮಾಡಿದ, ಯಾರೊಡನೆಯೂ ಮಾತಿಲ್ಲದೆ.

ತಿಂಗಳ ಮೇಲೆ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಅವನ ಅಂಗಡಿಗೆ ಹೋಗಿದ್ದೆ. ನಾಲ್ಕು ಗಂಟೆಯಾಗಿತ್ತು. ಈರಪ್ಪ ನನಗೂ ಸೇರಿಸಿ ಚಾ ಹೇಳಿದ. ಲೋಟ ಕೈಗೆತ್ತಿಕೊಂಡ.

"ಮಾಸ್ತರ, ಒಂದ ಮಾತು ಕೇಳತೇನಿ. ಖರೇ ಹೇಳ್ರಿ."

"ಕೇಳ್ರಿ."

"ಅವ್ವ ಹಂಗ ಅಂದಿದ್ಲೇನು? ಇಲ್ಲಾ ಅದು ನೀವು ಅವಗ ಬರದ ಕೊಟ್ಟಿದ್ದೇನು?"

"ಐದು ವರ್ಷ ದಿನಾ ಎದುರಿಗೆ ಕುಂತೀರಿ. ಅವರನ್ನ ಕೇಳಬೇಕಿತ್ತಲ್ಲ?"

"ಕೇಳಾಕಂತನ ಹೋಗತಿದ್ನಿ. ದಿನಾ. ಇಲ್ಲೋ, ನಾ ಕಟ್ಟಿ ಹೇಳೇನಿ ಅಂದಬಿಟ್ರ? ಹಂಗಂತ ಚಾ ಕುಡದು ಬರತಿದ್ನಿ."

ತೊಂಬತ್ತನೇ ಇಸವಿಯ ಒಂದು ಮದುವೆಯ ಪಂಕ್ತಿಯಲ್ಲಿ ಒಬ್ಬ ಮುದುಕಿ ಏನು ಹೇಳಿದಳೋ ನಾನು ಹೇಗೆ ಬಲ್ಲೆ? ಕಾಕಾ ಕಟ್ಟಿ ಹೇಳಿರಲಾರರೆಂದು ಆಣೆ ಮಾಡಲೂ ನನಗೆ ಧೈರ್ಯವಿರಲಿಲ್ಲ. ಒಂಬತ್ತು ವರ್ಷ ಎದುರಿಗೆ ಕೂತವನಿಗೆ ಎಂಥದೂ ಹೊಳೆದೀತು. ನನಗೆ ಖಾತ್ರಿಯಿದ್ದದ್ದು ಒಂದೇ ಸಂಗತಿ. ಅದನ್ನೇ ಹೇಳಿದೆ.

"ಈರಪ್ಪ, ನಾ ಬರದಿದ್ರ ನಿಮ್ಮವ್ವ 'ಎಲೈ ಪುತ್ರನೇ' ಅಂತಿದ್ಲು."

ಈರಪ್ಪ ನನ್ನನ್ನೇ ನೋಡಿದ. ಆಮೇಲೆ ತಲೆ ಹಿಂದಕ್ಕೆ ಚೆಲ್ಲಿ, ಲೋಟದ ಚಾ ತುಳುಕುವ ಹಾಗೆ, ಜೋರಾಗಿ ನಕ್ಕ. ನಗು ಮುಗಿದ ಮೇಲೂ ಅವನ ಮುಖ ಹಾಗೇ ಮೇಲೆದ್ದು, ರಸ್ತೆಯ ಆಚೆಗೆ ತಿರುಗಿತ್ತು. ಅಲ್ಲಿ ಕಾಕಾನ ಅಂಗಡಿಯ ಕದ ಮುಚ್ಚಿತ್ತು.